ಮಿಸ್‌ಫೈರ್ ಹುಡುಕಬೇಕಾದ್ದು ಕೈ ಹೋದ ದಾರಿಯಲ್ಲಿ

"ಸಾರ್, ಪ್ಲಗ್ ನಾನೇ ಚೇಂಜ್ ಮಾಡಿದೆ. ಆಮೇಲಿಂದ ಗಾಡಿ ಮಿಸ್ ಹೊಡೀತಿದೆ. ನಾಲ್ಕು ಕಾಯಿಲೂ ಹೊಸದು ಹಾಕಿದೆ, ಆದ್ರೂ ಹಾಗೇ ಇದೆ."

ಹೀಗೆ ಹೇಳಿಕೊಂಡು ಬಂದ ಹುಡುಗನ ಕೈಗೆ ಇನ್ನೂ ಗ್ರೀಸ್ ಮೆತ್ತಿಕೊಂಡಿತ್ತು. ಮುಖ ಬಾಡಿತ್ತು. ಮಿಸ್ ಹೊಡೆಯುವುದು ಅಂದರೆ ಮಿಸ್‌ಫೈರ್, ಸಿಲಿಂಡರ್ ಒಳಗೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದೆ ಎಂಜಿನ್ ನಡುಗುವುದು. ಒಳಗೆ ಕಿಡಿ ಹಾರಿಸುವುದು ಪ್ಲಗ್, ಅದಕ್ಕೆ ಬೇಕಾದ ವೋಲ್ಟೇಜ್ ಕೊಡುವುದು ಕಾಯಿಲ್. "ಪ್ಲಗ್ ತನಕ ಹೋಗೋಕೆ ಏನೇನು ಬಿಚ್ಚಿದೆ, ಒಂದೊಂದಾಗಿ ಹೇಳಪ್ಪ" ಅಂದೆ.

ಈ ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ. ನೆಟ್ಟಗೆ ಓಡುತ್ತಿದ್ದ ಎಂಜಿನ್ ನಾವು ಕೈ ಹಾಕಿದ ಮೇಲೆ ನಡುಗಿದರೆ, ತೊಂದರೆ ಬಹುಪಾಲು ನಮ್ಮ ಕೈ ಹೋದ ದಾರಿಯಲ್ಲೇ ಇರುತ್ತದೆ. ಹೊಸದಾಗಿ ಹಾಕಿದ ಪಾರ್ಟ್‌ನಲ್ಲೇ ಇರಬೇಕು ಅಂತೇನಿಲ್ಲ. ಪಕ್ಕಕ್ಕೆ ಸರಿಸಿದ ಪೈಪು, ಎಳೆದು ತೆಗೆದ ಕನೆಕ್ಟರ್, ಮೊಣಕೈ ತಾಗಿ ಅಲುಗಿದ ವೈರ್, ಯಾವುದಾದರೂ ಆಗಬಹುದು. ಅದನ್ನು ನೋಡದೆ ಇನ್ನಷ್ಟು ಹೊಸ ಪಾರ್ಟ್ ತಂದು ಹಾಕಿದರೆ ದುಡ್ಡೂ ಹೋಗುತ್ತದೆ, ಹುಡುಕುವ ಜಾಗವೂ ಜಾಸ್ತಿ ಆಗುತ್ತದೆ.

ಮುಂದೆ ಹೋಗುವ ಮೊದಲು ಡ್ಯಾಶ್‌ಬೋರ್ಡ್ ನೋಡಿ. ಚೆಕ್ ಎಂಜಿನ್ ದೀಪ ಸುಮ್ನೆ ಉರಿಯುತ್ತಿದ್ದರೆ ನಿಧಾನಕ್ಕೆ ಹುಡುಕಬಹುದು. ಮಿಟುಕುತ್ತಿದ್ದರೆ ಗಾಡಿ ಓಡಿಸಬೇಡಿ. ನಿಂತಲ್ಲೇ 800 ಆರ್‌ಪಿಎಂನಲ್ಲಿ ಓಡುವ ಎಂಜಿನ್‌ನಲ್ಲಿ ಒಂದೊಂದು ಸಿಲಿಂಡರ್ ನಿಮಿಷಕ್ಕೆ 400 ಸಲ ಉರಿಯಬೇಕು. ಒಂದು ಸಿಲಿಂಡರ್ ಸತ್ತರೆ ಅಷ್ಟೂ ಸಲದ ಪೆಟ್ರೋಲ್ ಹಸಿಹಸಿಯಾಗಿ ಸೈಲೆನ್ಸರ್ ಕಡೆ ಹೋಗುತ್ತದೆ. ಅಲ್ಲಿ ಹೊಗೆಯನ್ನು ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಕನ್ವರ್ಟರ್ ಕೆಂಪಗೆ ಕಾದು ಒಳಗೇ ಕರಗಬಹುದು. ಪ್ಲಗ್‌ನಲ್ಲಿ ಮುಗಿಯಬೇಕಿದ್ದ ಖರ್ಚು ಎಲ್ಲಿಗೋ ಹೋಗಿ ನಿಲ್ಲುತ್ತದೆ.

ಆಮೇಲೆ ಗಮನಿಸಬೇಕಾದ್ದು, ಗಾಡಿ ಯಾವಾಗ ನಡುಗುತ್ತದೆ ಅನ್ನೋದು. ನಿಂತಾಗ ನಡುಗಿ, ರೇಸ್ ಕೊಟ್ಟ ತಕ್ಷಣ ನಯವಾಗುತ್ತದಾ? ಹಾಗಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಗಾಳಿ ಪೈಪುಗಳ ಮೇಲೆ. ಎಲ್ಲೋ ಒಂದು ವ್ಯಾಕ್ಯೂಮ್ ಹೋಸ್ ಹಾಕಲು ಮರೆತಿರುತ್ತೀರಿ, ಇಲ್ಲವೇ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್ ಸರಿಯಾಗಿ ಕೂತಿರುವುದಿಲ್ಲ. ಐಡಲ್‌ನಲ್ಲಿ, ಅಂದರೆ ರೇಸ್ ಕೊಡದೆ ನಿಂತಲ್ಲೇ ಓಡುವಾಗ, ಎಂಜಿನ್ ಎಳೆಯುವ ಗಾಳಿಯೇ ಕಡಿಮೆ. ಆಗ ಕಳ್ಳದಾರಿಯಿಂದ ಬರುವ ಗಾಳಿ ದೊಡ್ಡ ಪಾಲು. ರೇಸ್ ಕೊಟ್ಟಾಗ ಒಳಗೆ ಹೋಗುವ ಗಾಳಿ ಅಷ್ಟು ಜಾಸ್ತಿ ಆಗುವುದರಿಂದ ಆ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ಐಡಲ್‌ನಲ್ಲಿ ಕಿವಿಗೊಟ್ಟು ಕೇಳಿ, 'ಸ್ಸ್' ಅನ್ನುವ ಸದ್ದು ಬರಬಹುದು.

ಹುಡುಗನ ಗಾಡಿ ಇದಕ್ಕೆ ಉಲ್ಟಾ. ನಿಂತಾಗ ಸುಮಾರಾಗಿ ಚೆನ್ನಾಗೇ ಇತ್ತು. ಏರಿನಲ್ಲಿ ಕಾಲೊತ್ತಿದರೆ ಮುಗ್ಗರಿಸುತ್ತಿತ್ತು. ಎಂಜಿನ್ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಪಿ0303 ಬಂತು. ಪಿ0300 ಅಂದರೆ ಯಾವ ಸಿಲಿಂಡರ್ ಅಂತ ಎಂಜಿನ್ ಕಂಪ್ಯೂಟರ್‌ಗೂ ಖಚಿತವಿಲ್ಲ. ಕೊನೆಯ ಅಂಕಿ ಸೊನ್ನೆಯಲ್ಲದಿದ್ದರೆ ಅದೇ ಸಿಲಿಂಡರ್ ನಂಬರ್. ಇಲ್ಲಿ ಮೂರನೆಯದು.

ಎಂಜಿನ್ ಆಫ್ ಮಾಡಿ ಮೂರರ ಕಾಯಿಲನ್ನು ಒಂದಕ್ಕೆ, ಒಂದರದನ್ನು ಮೂರಕ್ಕೆ ಹಾಕಿದೆ. ಕೋಡ್ ಅಳಿಸಿ ಮತ್ತೆ ಓಡಿಸಿದೆ. ಕಾಯಿಲ್ ಕೆಟ್ಟಿದ್ದರೆ ಕೋಡ್ ಪಿ0301 ಆಗಬೇಕಿತ್ತು. ಆಗಲಿಲ್ಲ, ಮೂರರಲ್ಲೇ ಉಳಿಯಿತು. ಹತ್ತು ನಿಮಿಷದ ಕೆಲಸ ಇದು, ಬಿಡಿಕಾಸು ಖರ್ಚಿಲ್ಲ. ನಾಲ್ಕು ಕಾಯಿಲ್ ಕೊಳ್ಳುವ ಮೊದಲು ಇದನ್ನೊಂದು ಮಾಡಿದ್ದರೆ ಅಂತ ನನಗೇ ಹೊಟ್ಟೆ ಉರಿಯಿತು. ಇಲ್ಲೊಂದು ಮಾತು: ಕೆಲವರು ಎಂಜಿನ್ ಓಡುತ್ತಿರುವಾಗಲೇ ಕಾಯಿಲ್ ಎಳೆದು ನೋಡುತ್ತಾರೆ. ದಯವಿಟ್ಟು ಬೇಡ. ಅಲ್ಲಿ ಹರಿಯುವುದು ಹತ್ತಾರು ಸಾವಿರ ವೋಲ್ಟ್. ನಿಮಗೂ ಅಪಾಯ, ಕಾಯಿಲ್‌ಗೂ ಅಪಾಯ.

ಮೂರರ ಪ್ಲಗ್ ಬಿಚ್ಚಿ ಟಾರ್ಚ್ ಬೆಳಕಿನಲ್ಲಿ ನಿಧಾನವಾಗಿ ತಿರುಗಿಸಿದೆ. ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಬಿರುಕು. ಅದರ ಗುಂಟ ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ಒಂದು ಕಪ್ಪು ಗೆರೆ. "ಇದು ಕೈಜಾರಿ ಬಿದ್ದಿತ್ತಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಹೌದು ಸಾರ್, ಒಂದು ನೆಲಕ್ಕೆ ಬಿತ್ತು. ಏನೂ ಆಗಿರಲಿಲ್ಲ, ಒರೆಸಿ ಹಾಕಿದೆ" ಅಂದ.

ಬಿದ್ದಾಗ ಕಣ್ಣಿಗೆ ಏನೂ ಕಾಣುವುದಿಲ್ಲ. ಅದೇ ಇದರ ಕಷ್ಟ. ಕಿಡಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಐಡಲ್‌ನಲ್ಲಿ ಸಿಲಿಂಡರ್ ಒಳಗೆ ಒತ್ತಡ ಕಡಿಮೆ, ಪ್ಲಗ್ ತುದಿಯ ಗ್ಯಾಪ್ ಹಾರುವುದು ಕಿಡಿಗೆ ಸಲೀಸು. ಏರಿನಲ್ಲಿ ಕಾಲೊತ್ತಿದಾಗ ಗಾಳಿ ಪೆಟ್ರೋಲ್ ಎರಡೂ ಜಾಸ್ತಿ ತುಂಬಿ ಒತ್ತಡ ಏರುತ್ತದೆ. ಅದೇ ಗ್ಯಾಪ್ ಹಾರಲು ಈಗ ಇನ್ನೂ ಹೆಚ್ಚು ವೋಲ್ಟೇಜ್ ಬೇಕು. ಆಗ ಕಿಡಿ ಗ್ಯಾಪ್ ಬಿಟ್ಟು ಬಿರುಕಿನ ದಾರಿ ಹಿಡಿದು ಹೊರಗಿನಿಂದಲೇ ಎಂಜಿನ್ ಮೈಗೆ ಇಳಿದುಬಿಡುತ್ತದೆ. ಒಳಗೆ ಬೆಂಕಿ ಹೊತ್ತಿಕೊಳ್ಳುವುದಿಲ್ಲ. ಒಂದೊಂದು ಸಲ ಹೀಗೆ ಹೋದಾಗಲೂ ಆ ದಾರಿಯಲ್ಲಿ ಇಷ್ಟಿಷ್ಟೇ ಕರಿ ಕೂರುತ್ತದೆ. ಕರಿಯಲ್ಲಿ ಕರೆಂಟ್ ಹರಿಯುತ್ತದಲ್ವಾ, ಮುಂದಿನ ಸಲಕ್ಕೆ ದಾರಿ ಇನ್ನೂ ಸುಲಭ.

ಪ್ಲಗ್ ಮೇಲೆ ಕೂರುವ ಕಾಯಿಲ್‌ನ ರಬ್ಬರ್ ಬೂಟ್ ಒಳಗೂ ನೋಡಿ. ಎದುರುಬದುರಾಗಿ ಅಲ್ಲೂ ಗೆರೆ ಬಿದ್ದಿದ್ದರೆ ಎರಡನ್ನೂ ಬದಲಿಸಿ. ಪ್ಲಗ್ ಒಂದನ್ನೇ ಬದಲಿಸಿದರೆ ಹಳೆ ಬೂಟು ಹೊಸ ಪ್ಲಗ್‌ಗೂ ಅದೇ ಗೆರೆ ಹಚ್ಚುತ್ತದೆ. ಇವನ ಬೂಟಿನಲ್ಲಿ ಇನ್ನೂ ಏನೂ ಮೂಡಿರಲಿಲ್ಲ.

ಕನೆಕ್ಟರ್ ವಿಷಯ ಬೇಗ ಹೇಳಿಬಿಡುತ್ತೇನೆ. ಹಾಕುವಾಗ 'ಟಕ್' ಅನ್ನಬೇಕು, ಎಳೆದರೆ ಬರಬಾರದು. ಹಳೆ ಗಾಡಿಗಳಲ್ಲಿ ಬಿಸಿಗೆ ಪ್ಲಾಸ್ಟಿಕ್ ಬಿರುಸಾಗಿ ಲಾಕ್ ಮುರಿದಿರುತ್ತದೆ. ಕೂತ ಹಾಗೆ ಕಾಣುತ್ತದೆ, ಗುಂಡಿಗೆ ಬಿದ್ದಾಗ ಬಿಟ್ಟುಕೊಳ್ಳುತ್ತದೆ. ಒಳಗೆ ಪಿನ್ ಹಿಂದಕ್ಕೆ ಜರುಗಿದೆಯೇ ಅಂತಲೂ ನೋಡಿ. ಪ್ಲಗ್ ಕೂರುವ ಬಾವಿಯಲ್ಲಿ ಆಯಿಲ್ ಅಥವಾ ನೀರು ನಿಂತಿದ್ದರೆ ಅದನ್ನು ಒರೆಸದೆ ಮುಂದೆ ಹೋಗಬೇಡಿ. ವಾಲ್ವ್ ಮತ್ತು ಪಿಸ್ಟನ್‌ಗಳ ಚಲನೆಯನ್ನು ತಾಳೆ ಇಡುವ ಟೈಮಿಂಗ್ ಬೆಲ್ಟ್ ಬಿಚ್ಚಿ ಹಾಕಿದ ಮೇಲೆ ಮಿಸ್ ಬಂದಿದ್ದರೆ ಮಾತ್ರ ದಾರಿಯೇ ಬೇರೆ. ಸ್ಟಾರ್ಟ್ ಮಾಡುವುದನ್ನೇ ನಿಲ್ಲಿಸಿ, ಗುರುತುಗಳನ್ನು ಮತ್ತೆ ತಾಳೆ ನೋಡಿ. ಒಂದೆರಡು ಹಲ್ಲು ತಪ್ಪಿದ್ದರೂ ಕೆಲವು ಎಂಜಿನ್‌ಗಳಲ್ಲಿ ವಾಲ್ವ್‌ಗೆ ಪಿಸ್ಟನ್ ಬಡಿಯಬಹುದು.

ಹುಡುಗ ಹಳೆ ಪ್ಲಗ್‌ಗಳನ್ನು ಬಿಸಾಡಿರಲಿಲ್ಲ, ಡಿಕ್ಕಿಯಲ್ಲೇ ಇಟ್ಟಿದ್ದ. ಒಳ್ಳೆಯ ಅಭ್ಯಾಸ. ಅದರಲ್ಲಿ ಒಂದನ್ನು ಮೂರಕ್ಕೆ ಹಾಕಲು ಅವನಿಗೇ ಕೊಟ್ಟೆ. ಎಂಜಿನ್ ತಣ್ಣಗಾಗುವವರೆಗೆ ಕಾದೆವು. ಪ್ಲಗ್‌ನ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಬೆರಳಲ್ಲೇ ತಿರುಗಿಸಲು ಹೇಳಿದೆ. ಪ್ಲಗ್‌ನ ಮರೆ, ಅಂದರೆ ತಿರುಪಿನ ಸುತ್ತು, ಅಡ್ಡ ಹತ್ತಿದರೆ ಪೈಪ್ ಸುಮ್ನೆ ಜಾರುತ್ತದೆ, ಅಲ್ಯೂಮಿನಿಯಂ ಹೆಡ್ ಹಾಳಾಗುವುದಿಲ್ಲ. ಪೂರ್ತಿ ಕೂತ ಮೇಲಷ್ಟೇ ಪಾನಾ ಹಿಡಿಯಬೇಕು. ಗಾಡಿಯ ಪುಸ್ತಕದಲ್ಲಿ ಕೊಟ್ಟಿರುವ ಟಾರ್ಕ್‌ಗೆ ಬಿಗಿ ಮಾಡಿ, ಜೋರು ತೋರಿಸಬೇಡಿ.

ಕೋಡ್ ಅಳಿಸಿ ಅದೇ ಏರಿಗೆ ಹೋದೆವು. ನಿಂತಲ್ಲಿ ನಯವಾಗಿದ್ದರೆ ಸಾಲದು, ಯಾವ ಜಾಗದಲ್ಲಿ ಮುಗ್ಗರಿಸಿತ್ತೋ ಅಲ್ಲೇ ನೋಡಬೇಕು. ಮೂರನೇ ಗೇರ್‌ನಲ್ಲಿ ಕಾಲೊತ್ತು ಅಂದೆ. ಒತ್ತಿದ. ಗಾಡಿ ತಡವರಿಸದೆ ಸೀದಾ ಹತ್ತಿತು. ಮೇಲೆ ಹೋಗಿ ನಿಲ್ಲಿಸಿ, ನನಗಿಂತ ಮೊದಲು ಅವನೇ ಸ್ಕ್ಯಾನರ್ ಎತ್ತಿಕೊಂಡು ನೋಡಿದ.