ಬೇರೆ ದೇಶದ ಮಿಲಿಟರಿ ಸೇರುವ ಮುಂಚೆ ನಿಮ್ಮ ದೇಶದ ಕಾನೂನು ಓದಿ

ವಲಸೆ ಕಾನೂನಿನ ಕೆಲಸ ಮಾಡುವ ನನಗೆ ಆಗಾಗ ಎದುರಾಗುವ ಪ್ರಶ್ನೆ ಇದು: ‘ಅಲ್ಲಿನ ಮಿಲಿಟರಿ ಸೇರಿದರೆ ಸಿಟಿಜನ್‌ಶಿಪ್ ಕೊಡ್ತಾರಂತಲ್ಲ, ನಿಜಾನಾ?’

ನಿಜ. ಆದರೆ ಎಲ್ಲ ದೇಶಗಳಲ್ಲೂ ಅಲ್ಲ, ಎಲ್ಲರಿಗೂ ಅಲ್ಲ. ಸೇರಿದ ದಿನವೇ ಅಂತೂ ಎಲ್ಲೂ ಅಲ್ಲ. ಇದನ್ನು ಕೇಳುವವರು ಆ ದೇಶ ಏನು ಕೊಡುತ್ತದೆ ಅಂತ ಚೆನ್ನಾಗಿ ತಿಳಿದುಕೊಂಡೇ ಬಂದಿರುತ್ತಾರೆ. ತಮ್ಮ ದೇಶ ಏನು ವಾಪಸ್ ಪಡೆಯುತ್ತದೆ ಅಂತ ಮಾತ್ರ ನೋಡಿರುವುದಿಲ್ಲ. ನನ್ನ ಲೆಕ್ಕದಲ್ಲಿ ಮೊದಲು ನೋಡಬೇಕಾದದ್ದೇ ಅದು. ಆದರೂ ಕೇಳಿದ್ದಕ್ಕೆ ಮೊದಲು ಉತ್ತರ ಕೊಡೋಣ.

ಜಾಸ್ತಿ ಜನ ಕೇಳುವುದು ಅಮೆರಿಕದ ಬಗ್ಗೆ. ಅಲ್ಲಿ ಸೈನಿಕನಾಗಿ ಸೇರಲು ಪ್ರಜೆಯೇ ಆಗಿರಬೇಕೆಂದಿಲ್ಲ, ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ನೆಲೆಸುವ ಪರವಾನಗಿ) ಇದ್ದರೆ ಆಗುತ್ತದೆ. ಸ್ಟೂಡೆಂಟ್ ವೀಸಾ, ಎಚ್-1ಬಿ, ಟೂರಿಸ್ಟ್ ವೀಸಾ ಇವು ಯಾವುವೂ ನಡೆಯುವುದಿಲ್ಲ. ಮಾವ್ನಿ ಅಂತ ಒಂದು ಯೋಜನೆ ಇತ್ತು. ವೈದ್ಯರನ್ನು, ಸೈನ್ಯಕ್ಕೆ ಬೇಕಾದ ಭಾಷೆ ಬಲ್ಲವರನ್ನು ಗ್ರೀನ್ ಕಾರ್ಡ್ ಇಲ್ಲದೆಯೂ ಸೇರಿಸಿಕೊಳ್ಳುತ್ತಿದ್ದರು. 2016ರಲ್ಲಿ ಹೊಸಬರನ್ನು ತೆಗೆದುಕೊಳ್ಳುವುದು ನಿಂತುಹೋಯಿತು. ಅದರ ಹಳೇ ಮಾಹಿತಿ ಹಿಡಿದುಕೊಂಡು ಬರುವವರು ಈಗಲೂ ಇದ್ದಾರೆ.

ಗ್ರೀನ್ ಕಾರ್ಡ್ ಇರುವವರು ಸಾಮಾನ್ಯವಾಗಿ ಪೌರತ್ವಕ್ಕೆ ಐದು ವರ್ಷ ಕಾಯಬೇಕು. ಸೈನ್ಯದಲ್ಲಿದ್ದರೆ ಶಾಂತಿಕಾಲದಲ್ಲಿ ಒಂದು ವರ್ಷದ ಸೇವೆ ಸಾಕು. ಯುದ್ಧಕಾಲ ಅಂತ ಘೋಷಣೆಯಾಗಿದ್ದರೆ ಅಷ್ಟೂ ಬೇಕಿಲ್ಲ. 2001ರ ಸೆಪ್ಟೆಂಬರ್ 11ರಿಂದ ಯುದ್ಧಕಾಲ ಎಂದು ಅಧ್ಯಕ್ಷರು 2002ರಲ್ಲಿ ಆದೇಶ ಹೊರಡಿಸಿದರು. ಅದಾಗಿ ಎರಡು ದಶಕ ಕಳೆದ ಮೇಲೂ ಸೈನಿಕರು ಅದೇ ಆದೇಶದಡಿ ಅರ್ಜಿ ಹಾಕುತ್ತಾ ಬಂದಿದ್ದಾರೆ.

ಇಲ್ಲಿ ಎರಡು ಫಾರಂ ಇವೆ. ಎನ್-400 ಪೌರತ್ವದ ಅರ್ಜಿ, ನೀವು ತುಂಬುವುದು, ಸೈನಿಕರಿಗೆ ಅದಕ್ಕೆ ಶುಲ್ಕವಿಲ್ಲ. ಎನ್-426 ಹಾಗಲ್ಲ. ಈತನ ಸೇವೆಯಲ್ಲಿ ಕಳಂಕವಿಲ್ಲ ಎಂದು ಸೈನ್ಯವೇ ಸಹಿ ಹಾಕಿ ಕೊಡಬೇಕು. ಆ ಸಹಿ ನಿಮ್ಮ ಕೈಯಲ್ಲಿಲ್ಲ. ಅದು ತಡವಾದರೆ ಉಳಿದದ್ದೆಲ್ಲ ತಡ. ಪೌರತ್ವ ಸಿಕ್ಕ ಮೇಲೂ ಒಂದು ಕೊಕ್ಕೆ ಇದೆ. ಒಟ್ಟು ಐದು ವರ್ಷದ ಸೇವೆ ತುಂಬುವ ಮೊದಲೇ ಕೆಟ್ಟ ನಡತೆಯ ಕಾರಣಕ್ಕೆ ಸೈನ್ಯದಿಂದ ಹೊರಹಾಕಿದರೆ, ಸಿಕ್ಕ ಪೌರತ್ವವನ್ನೇ ರದ್ದು ಮಾಡಬಹುದು. ಇನ್ನು ಅಧಿಕಾರಿ ಹುದ್ದೆಗೆ, ಗುಪ್ತ ಮಾಹಿತಿ ಇರುವ ಕೆಲಸಗಳಿಗೆ ಪ್ರಜೆಯಾಗಿರಲೇಬೇಕು. ಗ್ರೀನ್ ಕಾರ್ಡ್ ಹಿಡಿದು ಹೋದ ಎಂಜಿನಿಯರಿಗೆ ಸೈಬರ್ ವಿಭಾಗ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬ್ರಿಟನ್ನಿನ ಲೆಕ್ಕ ಬೇರೆ. ಅಲ್ಲಿ ಕಾಮನ್‌ವೆಲ್ತ್ ದೇಶದವರು ಅರ್ಜಿ ಹಾಕಬಹುದು. ನೇಪಾಳದ ಗೂರ್ಖಾಗಳಿಗೆ 1947ರ ಒಪ್ಪಂದದಿಂದ ಬಂದ ಪ್ರತ್ಯೇಕ ದಾರಿ ಇದೆ. ಹಿಂದೆ ಕಾಮನ್‌ವೆಲ್ತ್‌ನವರು ಐದು ವರ್ಷ ಬ್ರಿಟನ್ನಿನಲ್ಲಿ ವಾಸವಿರಬೇಕಿತ್ತು. 2018ರ ನವೆಂಬರಿನಲ್ಲಿ ಆ ಷರತ್ತು ತೆಗೆದರು, ವರ್ಷಕ್ಕೆ 1,350 ಜನರ ಮಿತಿ ಇಟ್ಟರು. ಸೇರಿದ ಮಾತ್ರಕ್ಕೆ ಪೌರತ್ವವಿಲ್ಲ. ನಾಲ್ಕು ವರ್ಷ ಸೇವೆ ಮಾಡಿದ ಮೇಲೆ ಅಲ್ಲೇ ಕಾಯಂ ನೆಲೆಸಲು ಅರ್ಜಿ ಹಾಕಬಹುದು. ಪೌರತ್ವ ಆಮೇಲಿನ ಮಾತು. ಇದರಲ್ಲಿ ಹಲವರು ಎಡವಿದ್ದು ಎಲ್ಲಿ ಗೊತ್ತೇ? ಸೇವೆಯಲ್ಲಿರುವಷ್ಟು ದಿನ ವಲಸೆ ನಿಯಮ ಅವರಿಗೆ ಅನ್ವಯವಾಗುವುದಿಲ್ಲ. ಹಾಗಾಗಿ ಯಾರಿಗೂ ಅದರ ನೆನಪೇ ಇರುವುದಿಲ್ಲ. ಸೈನ್ಯ ಬಿಟ್ಟ ಮೇಲೆ ಹೊತ್ತಿಗೆ ಸರಿಯಾಗಿ ಅರ್ಜಿ ಹಾಕದಿದ್ದರೆ ಮಾಜಿ ಸೈನಿಕನೇ ಅಕ್ರಮ ವಲಸಿಗನಾಗಿಬಿಡುತ್ತಾನೆ. ಅರ್ಜಿ ಶುಲ್ಕವೂ ಕಮ್ಮಿಯೇನಲ್ಲ. ಆರು ವರ್ಷ ಸೇವೆ ಮಾಡಿದವರಿಗೆ 2022ರಲ್ಲಿ ಅದನ್ನು ಮನ್ನಾ ಮಾಡಿದರು, ಆದರೆ ಅವರ ಹೆಂಡತಿ ಮಕ್ಕಳಿಗೆ ಮಾಡಲಿಲ್ಲ.

ಯಾವ ದೇಶದವರಾದರೂ ಸರಿ ಎನ್ನುವ ಪಡೆ ಫ್ರಾನ್ಸಿನ ಫಾರಿನ್ ಲೀಜನ್. 1831ರಲ್ಲಿ ಶುರುವಾದದ್ದು. ಗಂಡಸರಿಗೆ ಮಾತ್ರ, ವಯಸ್ಸು ಹದಿನೇಳೂವರೆಯಿಂದ ಮೂವತ್ತೊಂಬತ್ತೂವರೆ. ಮೊದಲ ಕರಾರು ಐದು ವರ್ಷದ್ದು. ಮೂರು ವರ್ಷ ಕಳೆದ ಮೇಲೆ ಫ್ರೆಂಚ್ ಪೌರತ್ವಕ್ಕೆ ಅರ್ಜಿ ಹಾಕಬಹುದು. ಕಾರ್ಯಾಚರಣೆಯಲ್ಲಿ ಗಾಯಗೊಂಡವರಿಗೆ ಅಷ್ಟು ಕಾಯದೆಯೂ ಪೌರತ್ವ ಕೇಳುವ ಅವಕಾಶವನ್ನು 1999ರ ಕಾನೂನು ಕೊಟ್ಟಿದೆ. ಅರ್ಜಿ ಹಾಕಬಹುದು ಅಂದರೆ ಸಿಕ್ಕೇಬಿಡುತ್ತದೆ ಅಂತಲ್ಲ. ನಡತೆ ನೋಡುತ್ತಾರೆ, ಫ್ರೆಂಚ್ ಬರುತ್ತದಾ ಅಂತ ನೋಡುತ್ತಾರೆ.

ಲೀಜನ್ ವಿಷಯದಲ್ಲಿ ತಲೆಯಲ್ಲಿಟ್ಟುಕೊಳ್ಳಬೇಕಾದದ್ದು ಇಷ್ಟು. ಭರ್ತಿ ಫ್ರಾನ್ಸಿನ ನೆಲದಲ್ಲಿ ಮಾತ್ರ. ಸ್ವಂತ ಖರ್ಚಿನಲ್ಲಿ ಹೋಗಿ ಬಾಗಿಲು ತಟ್ಟಬೇಕು. ಆಯ್ಕೆಯ ಕೊನೆಯ ಹಂತ ಮಾರ್ಸೇಲ್ ಬಳಿಯ ಒಬಾನ್ಯದಲ್ಲಿ ನಡೆಯುತ್ತದೆ. ಭರ್ತಿಗೆ ಒಂದು ಯೂರೋ ಕೂಡ ಕೊಡಬೇಕಿಲ್ಲ. ನಿಮ್ಮ ಊರಲ್ಲೇ ಕೂತು ‘ಲೀಜನ್ ಸೀಟು’ ಮಾರುವವನು ನೂರಕ್ಕೆ ನೂರು ಮೋಸಗಾರ. ಬೇರೆ ಹೆಸರಿನಲ್ಲಿ ಸೇವೆ ಶುರುಮಾಡುವ ಪದ್ಧತಿಯೂ ಅಲ್ಲಿದೆ. ಸಿನಿಮಾದಲ್ಲಿ ನೋಡಲು ಚೆನ್ನಾಗಿರುತ್ತದೆ. ಆದರೆ ಪೌರತ್ವಕ್ಕೆ ಮೊದಲು ನಿಜವಾದ ಹೆಸರಿಗೆ ಮರಳಲೇಬೇಕು, ಅದಕ್ಕೆ ಊರಿನ ದಾಖಲೆಗಳು ಬೇಕೇ ಬೇಕು. ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಹೊರಡುವ ಮೊದಲೇ ಸರಿ ಮಾಡಿಸಿಕೊಳ್ಳಿ.

ಉಳಿದವು ಚುಟುಕಾಗಿ. ಕೆನಡಾ 2022ರ ಕೊನೆಗೆ ತನ್ನ ಪಿಆರ್ (ಕಾಯಂ ವಾಸದ ಅನುಮತಿ) ಇರುವವರಿಗೆ ಸೈನ್ಯದ ಬಾಗಿಲು ತೆರೆಯಿತು. ಆಸ್ಟ್ರೇಲಿಯಾ 2024ರ ಜುಲೈಯಿಂದ ನ್ಯೂಜಿಲೆಂಡಿನವರಿಗೆ, 2025ರ ಜನವರಿಯಿಂದ ಬ್ರಿಟನ್, ಅಮೆರಿಕ, ಕೆನಡಾದವರಿಗೆ ಅವಕಾಶ ಕೊಟ್ಟಿದೆ. ಅವರೂ ಅಲ್ಲಿನ ಕಾಯಂ ನಿವಾಸಿಗಳಾಗಿರಬೇಕು. 90 ದಿನ ಸೇವೆಯಾದ ಮೇಲೆ ಪೌರತ್ವದ ದಾರಿ ಇದೆ. ಸ್ಪೇನ್ ತನ್ನ ಹಳೆಯ ವಸಾಹತುಗಳವರನ್ನು ಸೇರಿಸಿಕೊಳ್ಳುತ್ತದೆ. ಭಾರತದ ಸೇನೆಗೂ ನೇಪಾಳ, ಭೂತಾನಿನವರು ಸೇರಬಹುದು.

ಈಗ ನಿಮ್ಮ ದೇಶದ ಕಡೆ ಬನ್ನಿ.

ಸ್ವಿಟ್ಜರ್ಲೆಂಡಿನವನು ಸರ್ಕಾರದ ಅನುಮತಿ ಇಲ್ಲದೆ ಪರದೇಶದ ಸೈನ್ಯ ಸೇರಿದರೆ ಅದು ಅಪರಾಧ, ಮೂರು ವರ್ಷದವರೆಗೆ ಜೈಲು. ಪೋಪ್‌ರ ಕಾವಲು ಪಡೆ ತುಂಬ ಸ್ವಿಸ್ ಹುಡುಗರೇ ಇದ್ದಾರಲ್ಲ ಅಂತೀರಾ? ಅದನ್ನು ಪರದೇಶದ ಸೈನ್ಯ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೇ. ಜರ್ಮನಿಯವನಿಗೆ ಇನ್ನೊಂದು ಪೌರತ್ವವೂ ಇದ್ದು, ಅನುಮತಿ ಪಡೆಯದೆ ಆ ದೇಶದ ಸೈನ್ಯ ಸೇರಿದರೆ ಜರ್ಮನ್ ಪೌರತ್ವವೇ ಹೋಗಬಹುದು. ಕೆಲವು ಮಿತ್ರ ದೇಶಗಳಿಗೆ ಮಾತ್ರ ವಿನಾಯಿತಿ. ದಕ್ಷಿಣ ಆಫ್ರಿಕಾದಲ್ಲೂ ಮೊದಲು ಅನುಮತಿ ಬೇಕು.

ಭಾರತದ ಪೆಟ್ಟು ಬೇರೆ ಜಾಗದಲ್ಲಿ ಬೀಳುತ್ತದೆ. ಇಷ್ಟಪಟ್ಟು ಬೇರೆ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ಸಂವಿಧಾನದ 9ನೇ ವಿಧಿ, 1955ರ ಪೌರತ್ವ ಕಾಯ್ದೆ ಎರಡೂ ಅದನ್ನೇ ಹೇಳುತ್ತವೆ. ‘ಪರವಾಗಿಲ್ಲ, ಒಸಿಐ ಕಾರ್ಡ್ ಮಾಡಿಸಿಕೊಂಡರಾಯಿತು’ ಅನ್ನುತ್ತಾರೆ. ಒಸಿಐ ಅಂದರೆ ಬೇರೆ ಪೌರತ್ವ ಪಡೆದ ಭಾರತ ಮೂಲದವರು ವೀಸಾ ಇಲ್ಲದೆ ಬಂದು ಹೋಗಲು ಕೊಡುವ ಕಾರ್ಡು. ಅಲ್ಲೇ ಇರುವುದು ತೊಡಕು. ವಿದೇಶಿ ಸೈನ್ಯದಲ್ಲಿ ಇರುವವರಿಗೆ, ಅಲ್ಲಿಂದ ನಿವೃತ್ತರಾದವರಿಗೆ ಒಸಿಐ ಕೊಡುವುದಿಲ್ಲ ಎಂದು ಗೃಹ ಸಚಿವಾಲಯದ ನಿಯಮ ಸ್ಪಷ್ಟವಾಗಿದೆ. ವಯಸ್ಸಾದ ತಂದೆತಾಯಿಯನ್ನು ನೋಡಲು ಬರಬೇಕಾದರೂ ವೀಸಾಗೆ ಅರ್ಜಿ ಹಾಕಬೇಕು. ಇದನ್ನು ಹೇಳಿದಾಗ ಎದುರಿಗೆ ಕೂತವರ ಮುಖ ನೋಡಬೇಕು. ಸಂಬಳ, ಪಿಂಚಣಿ ಎಲ್ಲ ವಿಚಾರಿಸಿಕೊಂಡು ಬಂದಿರುತ್ತಾರೆ, ಇದೊಂದು ಗೊತ್ತಿರುವುದಿಲ್ಲ.

ಇನ್ನು ಏಜೆಂಟರ ವಿಷಯ. 2022ರ ನಂತರ ರಷ್ಯಾ ತನ್ನ ಸೈನ್ಯದ ಕರಾರಿಗೆ ಸಹಿ ಹಾಕುವ ವಿದೇಶಿಯರಿಗೆ ಪೌರತ್ವ ಸಲೀಸು ಮಾಡಿತು. ಹೆಲ್ಪರ್, ಅಡುಗೆ, ಸೆಕ್ಯೂರಿಟಿ ಕೆಲಸ ಅಂತ ಹೇಳಿ ಭಾರತ, ನೇಪಾಳ, ಶ್ರೀಲಂಕಾದ ಹುಡುಗರನ್ನು ಅಲ್ಲಿಗೆ ಸಾಗಿಸಿದ ಜಾಲಗಳು ಹೊರಬಿದ್ದವು. ಭಾರತದಲ್ಲಿ 2024ರ ಮಾರ್ಚಿನಲ್ಲಿ ಸಿಬಿಐ ಕೇಸು ದಾಖಲಿಸಿತು. ಆ ವರ್ಷದ ಆರಂಭದಲ್ಲೇ ನೇಪಾಳ ತನ್ನವರಿಗೆ ರಷ್ಯಾ, ಉಕ್ರೇನಿಗೆ ಕೆಲಸದ ಪರವಾನಗಿ ಕೊಡುವುದನ್ನು ನಿಲ್ಲಿಸಿತು.

ಆ ಕರಾರು ರಷ್ಯನ್ ಭಾಷೆಯಲ್ಲಿರುತ್ತದೆ. ಅವಧಿ ಒಂದು ವರ್ಷ ಅಂತ ಬರೆದಿರಬಹುದು. ಆದರೆ 2022ರ ಸೆಪ್ಟೆಂಬರಿನ ಸೇನಾ ಜಮಾವಣೆ (ಯುದ್ಧಕ್ಕೆ ಜನರನ್ನು ಸೈನ್ಯಕ್ಕೆ ಕರೆಸಿಕೊಳ್ಳುವ) ಆದೇಶದ ಪ್ರಕಾರ ಸೈನ್ಯದ ಕರಾರುಗಳು ಜಮಾವಣೆ ಮುಗಿಯುವವರೆಗೂ ತಾವಾಗಿ ಮುಂದುವರಿಯುತ್ತವೆ. ಕಾಗದದಲ್ಲಿರುವ ತಾರೀಕಿಗೆ ಬೆಲೆಯಿಲ್ಲ. ಹಾಗಾಗಿ ಯಾವ ದೇಶದ್ದೇ ಆಗಲಿ, ಕರಾರಿನಲ್ಲಿ ಕೊನೆಯ ದಿನಾಂಕಕ್ಕಿಂತ ‘ಯುದ್ಧಕಾಲದಲ್ಲಿ’ ಎಂದು ಶುರುವಾಗುವ ಸಾಲು ಹುಡುಕಿ. ಸಹಿ ಹಾಕಿದ ಮೇಲೆ ನೀವು ಕೆಲಸಗಾರರಲ್ಲ, ಆ ದೇಶದ ಸೇನಾ ಕಾನೂನಿಗೆ ಒಳಪಟ್ಟವರು. ಬಿಟ್ಟು ಬಂದರೆ ರಾಜೀನಾಮೆ ಆಗುವುದಿಲ್ಲ, ಪಲಾಯನ ಆಗುತ್ತದೆ. ನಿಮ್ಮ ರಾಯಭಾರ ಕಚೇರಿ ಮನವಿ ಮಾಡಬಹುದು, ಕರೆದುಕೊಂಡು ಬರುವ ಅಧಿಕಾರ ಅದಕ್ಕಿಲ್ಲ.

ಸೆರೆ ಸಿಕ್ಕರೆ? ಒಂದು ದೇಶದ ಅಧಿಕೃತ ಸೈನ್ಯದ ಸದಸ್ಯ ಬಾಡಿಗೆ ಸೈನಿಕನಲ್ಲ, ಅವನು ಯುದ್ಧಕೈದಿ ಎಂದು 1977ರ ಜಿನೀವಾ ಪ್ರೋಟೋಕಾಲ್ ಹೇಳುತ್ತದೆ. ಆದರೂ ಉಕ್ರೇನ್ ಸೈನ್ಯದಲ್ಲಿದ್ದ ಇಬ್ಬರು ಬ್ರಿಟಿಷರಿಗೆ, ಒಬ್ಬ ಮೊರಾಕೊದವನಿಗೆ 2022ರ ಜೂನಿನಲ್ಲಿ ರಷ್ಯಾ ಬೆಂಬಲದ ಪ್ರತ್ಯೇಕತಾವಾದಿಗಳ ಕೈಯಲ್ಲಿದ್ದ ಉಕ್ರೇನಿನ ದೊನೆಟ್ಸ್ಕ್‌ನ ಕೋರ್ಟು ಬಾಡಿಗೆ ಸೈನಿಕರೆಂದೇ ಮರಣದಂಡನೆ ವಿಧಿಸಿತು. ಸೆಪ್ಟೆಂಬರಿನ ಕೈದಿಗಳ ವಿನಿಮಯದಲ್ಲಿ ಅವರು ಬಿಡುಗಡೆಯಾದರು. ಸೈನ್ಯ ಅಧಿಕೃತವಾಗಿದ್ದರೂ ಹೀಗಾಯಿತು. ಯಾವುದೋ ಖಾಸಗಿ ಪಡೆಯ ಚೀಟಿ ಹಿಡಿದು ಹೋದವನ ಗತಿ ಯೋಚಿಸಿ.

ಸೈನ್ಯ ಸೇರುವ ಯೋಚನೆಯೇ ಇಲ್ಲದವರಿಗೂ ಒಂದು ಮಾತು. ಅಮೆರಿಕದಲ್ಲಿ 18ರಿಂದ 25 ವಯಸ್ಸಿನ ಗಂಡಸರು, ಗ್ರೀನ್ ಕಾರ್ಡಿನವರೂ ಸೇರಿ, ಸೆಲೆಕ್ಟಿವ್ ಸರ್ವಿಸ್ ಪಟ್ಟಿಯಲ್ಲಿ (ಅಗತ್ಯ ಬಿದ್ದರೆ ಕಡ್ಡಾಯವಾಗಿ ಸೈನ್ಯಕ್ಕೆ ಕರೆಯಬಹುದಾದವರ ಪಟ್ಟಿ) ಇರಬೇಕೆಂದು ಕಾನೂನು. ಹೆಸರು ಇಲ್ಲದಿದ್ದರೆ ಮುಂದೆ ಪೌರತ್ವದ ಸಂದರ್ಶನದಲ್ಲಿ ಪ್ರಶ್ನೆ ಬರುತ್ತದೆ. ಸಿಂಗಪುರದಲ್ಲಿ ಇನ್ನೂ ಬಿಗಿ. ಅಪ್ಪ ಅಮ್ಮನ ಮೂಲಕ ಪಿಆರ್ ಪಡೆದ ಮಗ ನ್ಯಾಷನಲ್ ಸರ್ವಿಸ್ (ಕಡ್ಡಾಯ ಸೇನಾ ಸೇವೆ) ಮಾಡಲೇಬೇಕು. ಮಾಡದೆ ಪಿಆರ್ ಬಿಟ್ಟುಕೊಟ್ಟರೆ ಮುಂದೆ ಅಲ್ಲಿ ಓದಲು, ಕೆಲಸ ಮಾಡಲು ಅರ್ಜಿ ಹಾಕಿದಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮಗನ ಹೆಸರನ್ನೂ ಸೇರಿಸಿ ಪಿಆರ್ ಅರ್ಜಿ ಹಾಕುವ ದಿನವೇ ಮನೆಯಲ್ಲಿ ಈ ಮಾತು ಆಗಬೇಕು, ಹದಿನಾರೂವರೆ ತುಂಬಿದಾಗ ಬರುವ ನೋಂದಣಿ ಪತ್ರ ನೋಡಿ ಅಲ್ಲ.