ಅರ್ಧ ಇಂಚು ಗಡ್ಡದ ಕೇಸು: ಕೈದಿಯ ಧರ್ಮ, ಜೈಲಿನ ನಿಯಮ

"ಜೈಲಿಗೆ ಹೋದವನಿಗೆ ಇನ್ನೆಂಥ ಹಕ್ಕು ಮಾರಾಯ?" ಮೊನ್ನೆ ಕಾನೂನು ಪರೀಕ್ಷೆಗೆ ಓದಲು ಕೂತಾಗ ತೀರ್ಥಹಳ್ಳಿಯ ಗೆಳೆಯ ಕೇಳಿದ. ಹೊರಗೆ ಜಡಿಮಳೆ, ಕರೆಂಟಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಜೈಲಿಗೆ ಹೋದ ಮಾತ್ರಕ್ಕೆ ಮೂಲಭೂತ ಹಕ್ಕೆಲ್ಲ ಹೋಗುವುದಿಲ್ಲ. ನಮ್ಮ ಸುಪ್ರೀಂ ಕೋರ್ಟಿನ 1978ರ ಸುನಿಲ್ ಬಾತ್ರಾ ತೀರ್ಪು ಹೇಳಿದ್ದು ಇದನ್ನೇ. ನಮ್ಮ ಶಿವಮೊಗ್ಗದ ಸೋಗಾನೆ ಜೈಲಿನ ಗೋಡೆಯೊಳಗೂ ಸಂವಿಧಾನದ 14 (ಸಮಾನತೆ), 15 (ತಾರತಮ್ಯ ಸಲ್ಲದು), 25ನೇ (ಧರ್ಮದ ಸ್ವಾತಂತ್ರ್ಯ) ವಿಧಿಗಳು ನಡೆಯುತ್ತವೆ. 25ಕ್ಕೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದ ಮಿತಿ ಇದೆ. ಬರೆಯಲು ಮರೆತರೆ ಮಾರ್ಕ್ಸ್ ಹೋಯಿತು.

"ನನ್ನ ಪೂಜೆಗೆ ಬಿಡಲಿಲ್ಲ" ಅನ್ನುವುದು ಒಂದು ದೂರು. "ಅವನಿಗೆ ಬಿಟ್ಟಿರಿ, ನನಗೆ ಬಿಡಲಿಲ್ಲ" ಅನ್ನುವುದು ಬೇರೆಯೇ ದೂರು. ತಾರತಮ್ಯ ಅಂದರೆ ಎರಡನೆಯದು.

1972ರ ಅಮೆರಿಕದ ಕ್ರೂಜ್ ಕೇಸು ನೋಡಿ. ಟೆಕ್ಸಾಸಿನ ಬೌದ್ಧ ಕೈದಿಯ ದೂರು: ಬೇರೆಯವರಿಗೆ ಪ್ರಾರ್ಥನಾ ಮಂದಿರ ಉಂಟು, ಸರ್ಕಾರದ ಖರ್ಚಲ್ಲಿ ಬೈಬಲ್ ಉಂಟು, ನಾನು ಬೌದ್ಧ ಪುಸ್ತಕ ಹಂಚಿದ್ದಕ್ಕೆ ಒಂಟಿ ಕೋಣೆ. ಕೆಳಗಿನ ಕೋರ್ಟು ವಿಚಾರಣೆಯೇ ಇಲ್ಲದೆ ತಳ್ಳಿಹಾಕಿತ್ತು. ಅಲ್ಲಿನ ಸುಪ್ರೀಂ ಕೋರ್ಟು, ದೂರು ನಿಜವಾದರೆ ಇದು ತಾರತಮ್ಯವೇ, ವಿಚಾರಣೆ ಆಗಲಿ ಎಂದಿತು. ಹಾಗಂತ ಪ್ರತಿ ಪಂಥಕ್ಕೂ ಒಂದೇ ಅಳತೆಯ ಸೌಲಭ್ಯ ಕೊಡಬೇಕು ಅಂತಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಅಮೆರಿಕದ್ದೇ 2015ರ ಹೋಲ್ಟ್ ಕೇಸು. ಸ್ಕೇಲ್ ತೆಗೆದು ಅರ್ಧ ಇಂಚು ಅಳೆಯಿರಿ. ಅರ್ಕಾನ್ಸಾಸಿನ ಮುಸ್ಲಿಂ ಕೈದಿ ಕೇಳಿದ್ದು ಅಷ್ಟೇ ಗಡ್ಡ. ಅದರಲ್ಲಿ ಏನಾದರೂ ಬಚ್ಚಿಟ್ಟರೆ ಎಂದಿತು ಜೈಲು. ಆದರೆ ಚರ್ಮರೋಗ ಇದ್ದವರಿಗೆ ಕಾಲು ಇಂಚು ಬಿಟ್ಟಿತ್ತು! ತಲೆಗೂದಲು ಅದಕ್ಕಿಂತ ಉದ್ದ ಇರಬಹುದಿತ್ತು. ಬಚ್ಚಿಡುವವನು ತಲೆಯಲ್ಲೇ ಇಡುತ್ತಾನೆ, ಅಲ್ವಾ? ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಕೈದಿಯ ಪರ. ಇದು ನಿಂತಿದ್ದು ಅಲ್ಲಿನ 2000ದ ಕಾನೂನಿನ ಮೇಲೆ. ಧರ್ಮಕ್ಕೆ ದೊಡ್ಡ ಅಡ್ಡಿ ಮಾಡಿದರೆ ಬಲವಾದ ಕಾರಣವನ್ನು ಜೈಲೇ ತೋರಿಸಬೇಕು, ಅಡ್ಡಿಯೂ ಆದಷ್ಟು ಕಡಿಮೆ ಇರಬೇಕು. ನಮ್ಮಲ್ಲಿ ಅಂಥ ಕಾನೂನಿಲ್ಲ. ಸುಮ್ನೆ ಎತ್ತಿ ಇಲ್ಲಿಗೆ ಅಂಟಿಸಬೇಡಿ.

ನಮ್ಮಲ್ಲಿ ಹತ್ತಿರದ್ದು 2024ರ ಸುಕನ್ಯಾ ಶಾಂತಾ ತೀರ್ಪು. ಅದು ಜಾತಿಯದು, ಧರ್ಮದ್ದಲ್ಲ. ಅಡುಗೆ ಒಂದು ಜಾತಿಗೆ, ಕಸ ಗುಡಿಸುವುದು ಇನ್ನೊಂದಕ್ಕೆ ಎನ್ನುತ್ತಿದ್ದ ಜೈಲು ನಿಯಮಗಳನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿತು.

ಶಿವಮೊಗ್ಗದ ಕೈದಿ ಸಂವಿಧಾನದ 226ನೇ ವಿಧಿಯಡಿ ರಿಟ್ (ಹಕ್ಕು ಉಳಿಸಿಕೊಡಿ ಎಂಬ ಅರ್ಜಿ) ಹಾಕಲು ಬೆಂಗಳೂರಿನ ಹೈಕೋರ್ಟಿಗೆ ಹೋಗಬೇಕು. ವಕೀಲರ ಫೀಸಿನ ಚಿಂತೆ ಇಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಂ ಪ್ರಕಾರ ಬಂಧನದಲ್ಲಿರುವವರಿಗೆ ಉಚಿತ ನೆರವು ಸಿಗುತ್ತದೆ.

"ಅಯ್ಯಪ್ಪ ಮಾಲೆ ಹಾಕಿದ ಕೈದಿ ಗಡ್ಡ ಬಿಡುತ್ತೇನೆ ಅಂದರೆ?" ಗೆಳೆಯ ಬಿಡಲಿಲ್ಲ.

"ಆ ಜೈಲಲ್ಲಿ ಬೇರೆ ಯಾರಿಗೆ, ಯಾಕೆ ಗಡ್ಡ ಬಿಟ್ಟಿದ್ದಾರೆ ಅಂತ ಮೊದಲು ವಿಚಾರಿಸು" ಅಂದೆ.