ಆಗುಂಬೆಯ ಮಳೆ, ಮಾನ್ವಿಯ ಹೊಲ

ತುಂಗಾ, ಭದ್ರಾ ಎರಡೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಸುಮಾರು 1,200 ಮೀಟರ್ ಎತ್ತರದಲ್ಲಿ. ಅರಬ್ಬಿ ಸಮುದ್ರ ಅಲ್ಲಿಂದ ನೂರು ಕಿಲೋಮೀಟರೂ ಇಲ್ಲ. ಆದರೆ ನೆಲದ ವಾಟ ಮೂಡಣಕ್ಕೆ. ನೀರು ಬಂಗಾಳಕೊಲ್ಲಿಯ ದಾರಿ ಹಿಡಿಯುತ್ತದೆ. ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಎರಡೂ ಸೇರಿ ತುಂಗಭದ್ರೆ. ತುಂಗೆಯ ಜಲಾನಯನದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಇದೇ ನೀರಿಗೆ ಕಾಯುವ ರಾಯಚೂರಿನಲ್ಲಿ ಅದರ ಹತ್ತನೇ ಒಂದು ಪಾಲಿನಷ್ಟು.

ವಿಜಯನಗರದವರು ಹೊಳೆಯನ್ನು ಹಿಡಿದಿಡಲು ಹೋಗಲಿಲ್ಲ, ತಿರುಗಿಸಿಕೊಂಡರು. ಹಂಪಿಯ ತುರುತ್ತು ಕಾಲುವೆಯ ಒಡ್ಡು ನೋಡಿ: ಹೊಳೆಯೊಳಗೆ ಎದ್ದ ಬಂಡೆಗಳ ಸಂದಿಗೆ ದಪ್ಪ ಕಲ್ಲು ಪೇರಿಸಿ, ನೀರಿನ ಮಟ್ಟವನ್ನು ಕಾಲುವೆಯ ಬಾಯಿಗೆ ಸರಿಯಾಗುವಷ್ಟೇ ಏರಿಸಿದ್ದಾರೆ. ನೆರೆ ಬಂದರೆ ನೀರು ಮೇಲೆ ಹಾಯ್ದು ಹೋಗುತ್ತದೆ, ಮಣ್ಣೂ ಬಹುಪಾಲು ಜೊತೆಗೇ. ಸಂಗ್ರಹ ಮಾತ್ರ ಇಲ್ಲ. ಹೊಳೆ ಬತ್ತಿದರೆ ಕಾಲುವೆಯೂ ಬತ್ತಬೇಕು.

ಹೊಸಪೇಟೆಯ ತುಂಗಭದ್ರಾ ಜಲಾಶಯದ್ದು ಇದಕ್ಕೆ ತಿರುಗುಮುರುಗು. ನಾಲ್ಕು ತಿಂಗಳ ನೀರು ನಿಲ್ಲುತ್ತದೆ, ನಿಂತ ನೀರು ಹೊತ್ತುತಂದ ಮಣ್ಣನ್ನು ಕೆಳಗಿಳಿಸುತ್ತದೆ. ಮರಳು ಹಿನ್ನೀರಿನ ಬಾಯಲ್ಲೇ ಉಳಿದರೆ ನಯವಾದ ಹೂಳು ಒಳಗೆಲ್ಲ ಹರಡುತ್ತದೆ. 1953ರಲ್ಲಿ 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಇದ್ದ ಸಾಮರ್ಥ್ಯ ಈಗ ಸುಮಾರು 106. ಹೂಳೆತ್ತಿ ಎನ್ನುವುದು ಸುಲಭ. ಹೋದ 27 ಟಿಎಂಸಿಯಷ್ಟು ಜಾಗವೆಂದರೆ 76 ಕೋಟಿ ಘನ ಮೀಟರ್; ಹತ್ತು ಘನ ಮೀಟರ್ ಹಿಡಿಸುವ ಟಿಪ್ಪರ್‌ಗೆ ಏಳೂವರೆ ಕೋಟಿ ಲೋಡು. ಅಷ್ಟು ಮಣ್ಣು ಸುರಿಯುವುದೆಲ್ಲಿ? ನವಲಿಯ ಬಳಿ ಹೆಚ್ಚುವರಿ ನೀರು ಹಿಡಿದಿಡುವ ಸಮತೋಲನ ಜಲಾಶಯದ ಪ್ರಸ್ತಾವ ಬಂದದ್ದು ಈ ಲೆಕ್ಕದಿಂದಲೇ.

ಉಳಿದ ನೀರೂ ಸಲೀಸಾಗಿ ಹೊಲ ಮುಟ್ಟುವುದಿಲ್ಲ. ಜಲಾಶಯದ ಎಡದಂಡೆ ಕಾಲುವೆಯ ಉದ್ದ 227 ಕಿ.ಮೀ. ಅದರ ಕೆಳಗೆ ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆ ಎಂದು ಲೆಕ್ಕ ಹಾಕಿದ್ದರು. ಮೇಲ್ಭಾಗದವರು ಭತ್ತ ಹಚ್ಚಿದರು. ಒಂದು ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಎರಡು ಎಕರೆಯಲ್ಲಿ ಒಂದಡಿ ನಿಲ್ಲುತ್ತದೆ, ಅಷ್ಟೇ. ಭತ್ತಕ್ಕೆ ಇಡೀ ಬೆಳೆಗೆ ಅದರ ಹಲವು ಪಟ್ಟು ಬೇಕು. ಎರೆಭೂಮಿಯಲ್ಲಿ ಬಸಿಗಾಲುವೆ ಇಲ್ಲದೆ ಹೀಗೆ ನೀರು ನಿಲ್ಲಿಸಿದರೆ ಅಂತರ್ಜಲ ಮೇಲೇರಿ, ಉಪ್ಪು ಹೊತ್ತು ಬಂದು, ನೆಲ ಸವಳು-ಜವಳಾಗುತ್ತದೆ. ಮೇಲೆ ಕೊಳೆಯುವಷ್ಟು ನೀರು, ಕೆಳಗೆ ಒಣಗುವ ಬೆಳೆ, ಎರಡೂ ಒಂದೇ ಕಾಲುವೆಯಲ್ಲಿ.

ಹಾಗಾಗಿ ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಟೇಲೆಂಡ್ (ಕಾಲುವೆಯ ಕೊನೆ ಭಾಗದ) ರೈತರಿಗೆ ಡ್ಯಾಂ ತುಂಬಿದ ಸುದ್ದಿ ಅರ್ಧ ಸುದ್ದಿ. ಅವರು ಕೇಳುವುದು ಕಾಲುವೆಯ 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಡಿ ಇದೆ ಎಂದು.